ಕಂಪನಿ ಬಾಂಡ್ ತಂದಿತು, ಶೇರು ಬಿತ್ತು: ಈಗ ಮಾರಬೇಕಾ?

ಪ್ರಶ್ನೆ: ನಾನು ವಿಜಯಪುರದ ಕಡೆಯವನು. ಹನ್ನೊಂದು ವರ್ಷದಿಂದ ಪುಣೆ ಹತ್ತಿರದ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯ ಸ್ಟೋರ್ಸ್‌ನಲ್ಲಿ ಕೆಲಸ. ಕಂಪನಿ ಶೇರು ಮಾರುಕಟ್ಟೆಯಲ್ಲಿದೆ, ನನ್ನ ಉಳಿತಾಯದ ಅರ್ಧದಷ್ಟು ಅದರ ಶೇರಿನಲ್ಲೇ ಇದೆ. ಹೋದ ವಾರ 200 ಕೋಟಿಯ ಬಾಂಡ್ (ಹೂಡಿಕೆದಾರರಿಂದ ಬಡ್ಡಿಗೆ ಪಡೆಯುವ ಸಾಲ) ತರುತ್ತೇವೆ ಅಂತ ಘೋಷಿಸಿದರು. ಐದು ವರ್ಷ, ಬಡ್ಡಿ ಶೇ. 10, ರೇಟಿಂಗ್ ಎ. ಮರುದಿನವೇ ಶೇರು ಶೇ. 6ರಷ್ಟು ಬಿತ್ತು. ನಮ್ಮ ಭಾವ "ಸಾಲ ಎರಡು ಪಟ್ಟಾಯ್ತು, ಮಾರಿಬಿಡು" ಅನ್ನುತ್ತಾರೆ. ಅಕೌಂಟ್ಸ್‌ನಲ್ಲಿರುವ ಗೆಳೆಯ "ಆರ್‌ಒಇ (ಶೇರುದಾರರ ಹಣದ ಮೇಲೆ ಬರುವ ಲಾಭ) ಏರುತ್ತೆ, ಇನ್ನೂ ತಗೋ" ಅನ್ನುತ್ತಾನೆ. ಏಜೆಂಟ್ ಒಬ್ಬರು ಆ ಬಾಂಡನ್ನೇ ತಗೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ. ಹೂಡಿಕೆದಾರರ ವಿಶ್ವಾಸ ಏನಾಗುತ್ತದೆ? ಯಾರ ಮಾತು ಕೇಳಲಿ? ವಾರ್ಷಿಕ ವರದಿಯ ಅಂಕಿ, ಬಾಂಡ್ ಘೋಷಣೆಯ ವಿವರ ಜೊತೆಗೆ ಕಳಿಸಿದ್ದೇನೆ.

ಉತ್ತರ: ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ಎಚ್ಚರಿಕೆ. ನೀವು ಆ ಕಂಪನಿಯ ನೌಕರರು. ಹೊಸ ಆರ್ಡರ್ ಬರುತ್ತಿದೆ, ಯಾವುದೋ ಗಿರಾಕಿ ಕೈಬಿಡುತ್ತಿದ್ದಾನೆ, ಇಂಥ ಹೊರಗೆ ಪ್ರಕಟವಾಗದ ಸುದ್ದಿ ನಿಮಗೆ ಗೊತ್ತಿದ್ದರೆ ಅದನ್ನು ನಂಬಿ ಶೇರು ಕೊಳ್ಳುವುದೂ ತಪ್ಪು, ಮಾರುವುದೂ ತಪ್ಪು. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2015ರ ನಿಯಮ ಈ ವಿಷಯದಲ್ಲಿ ಬಹಳ ಬಿಗಿ. ಅಕೌಂಟ್ಸ್‌ನ ಗೆಳೆಯನ ಹತ್ತಿರ ಒಳಗಿನ ಅಂಕಿ ಕೇಳಲೇಬೇಡಿ, ಅದು ನಿಮ್ಮಿಬ್ಬರಿಗೂ ಕಷ್ಟ. ಕಂಪನಿಯ ವಾರ್ಷಿಕ ವರದಿಯಿಂದ ನೀವು ಬರೆದು ಕಳಿಸಿದ ಅಂಕಿಗಳೇ ಸಾಕು, ನಾನೂ ಅಷ್ಟನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆ ಅಂಕಿಗಳು ಹೀಗಿವೆ. ನೆಟ್‌ವರ್ತ್ (ಶೇರುದಾರರ ಸ್ವಂತ ಹಣ) 400 ಕೋಟಿ. ಹಳೆಯ ಸಾಲ 200 ಕೋಟಿ, ಅದರಲ್ಲಿ 120 ಕೋಟಿ ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭ 100 ಕೋಟಿ. ಬಡ್ಡಿ 18 ಕೋಟಿ, ಅಂದರೆ ಶೇ. 9.

ಭಾವ ಹೇಳಿದ್ದು ಇದರಲ್ಲಿ ಕಾಣುತ್ತದೆ. ಬಾಂಡ್ ಬಂದ ದಿನ ಸಾಲ 400 ಕೋಟಿ ಆಗುತ್ತದೆ, ಸ್ವಂತ ಹಣಕ್ಕೆ ಸಾಲ ಎಷ್ಟು ಪಟ್ಟು ಅಂತ ಹೇಳುವ ಡೆಟ್-ಈಕ್ವಿಟಿ 0.5ರಿಂದ ಸೀದಾ 1ಕ್ಕೆ ಹೋಗುತ್ತದೆ. ಬಡ್ಡಿ 18ರಿಂದ 38 ಕೋಟಿಗೆ ಏರುತ್ತದೆ. ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ ಅಂತ ನೋಡುವ ಇಂಟರೆಸ್ಟ್ ಕವರೇಜ್ 5.6ರಿಂದ 2.6ಕ್ಕೆ ಇಳಿಯುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುವ ಅಂಕಿಗಳೇ. ಆದರೆ ಅದೇ ದಿನ ಕಂಪನಿಯ ಬ್ಯಾಂಕ್ ಖಾತೆಯಲ್ಲಿ 200 ಕೋಟಿ ಕೂತಿರುತ್ತದೆ ಅನ್ನುವುದನ್ನು ಭಾವ ಲೆಕ್ಕಕ್ಕೆ ಹಿಡಿದಿಲ್ಲ. ಸಾಲದಲ್ಲಿ ಕೈಯಲ್ಲಿರುವ ನಗದು ಕಳೆದರೆ ಸಿಗುವ ನಿವ್ವಳ ಸಾಲ ಆ ದಿನ ಒಂದು ರೂಪಾಯಿಯೂ ಏರಿರುವುದಿಲ್ಲ. ನಿಜವಾದ ಬದಲಾವಣೆ ಶುರುವಾಗುವುದು ಆ ಹಣ ಖಾತೆಯಿಂದ ಹೊರಗೆ ಹೋದಾಗ. ಎಲ್ಲಿಗೆ ಹೋಯಿತು, ಯಾವಾಗ ವಾಪಸ್ ಬರುತ್ತದೆ, ನಾನು ಕೇಳುವುದು ಈ ಎರಡೇ ಪ್ರಶ್ನೆ. ಇಪ್ಪತ್ತೆರಡು ವರ್ಷ ಮುಂಬೈಯಲ್ಲಿ ಕಂಪನಿಗಳ ಸಾಲದ ಕಾಗದ ಓದುವುದೇ ನನ್ನ ಕೆಲಸವಾಗಿತ್ತು, ಸಾಲದ ಮೊತ್ತ ನೋಡಿ ಹೆದರಿದ್ದಕ್ಕಿಂತ ಈ ಎರಡಕ್ಕೆ ಉತ್ತರ ಸಿಗದೆ ಹೆದರಿದ್ದೇ ಜಾಸ್ತಿ.

ಈಗ ಗೆಳೆಯನ ಮಾತು. ಈಗಿನ ಲಾಭದಲ್ಲಿ ಬಡ್ಡಿ ಕಳೆದು, ಶೇ. 25.17ರಂತೆ ತೆರಿಗೆ ಕಟ್ಟಿದರೆ ಉಳಿಯುವುದು ಸುಮಾರು 61 ಕೋಟಿ. 400 ಕೋಟಿ ನೆಟ್‌ವರ್ತ್ ಮೇಲೆ ಆರ್‌ಒಇ ಶೇ. 15.3. ಬಾಂಡಿನ 200 ಕೋಟಿ ಪೂರ್ತಿ ಹೊಸ ಘಟಕಕ್ಕೆ ಹೋಗಿ, ಅಲ್ಲಿ ಶೇ. 15ರಂತೆ ವರ್ಷಕ್ಕೆ 30 ಕೋಟಿ ಹುಟ್ಟಿತು ಅಂದುಕೊಳ್ಳಿ. ಲಾಭ 130 ಕೋಟಿ, ಬಡ್ಡಿ 38, ತೆರಿಗೆ ಕಳೆದು ಉಳಿಯುವುದು ಸುಮಾರು 69 ಕೋಟಿ. ಆರ್‌ಒಇ ಶೇ. 17.2. ಇಂಟರೆಸ್ಟ್ ಕವರೇಜ್ ಕೂಡ 3.4ಕ್ಕೆ ಏರುತ್ತದೆ. ಇದೇ 200 ಕೋಟಿಯನ್ನು ಹೊಸ ಶೇರು ಮಾರಿ ತಂದಿದ್ದರೆ ಲಾಭ ಸುಮಾರು 84 ಕೋಟಿ ಆಗುತ್ತಿತ್ತು ನಿಜ, ಆದರೆ ಅದು 600 ಕೋಟಿಗೆ ಹಂಚಿಹೋಗಿ ಆರ್‌ಒಇ ಶೇ. 14ಕ್ಕೆ ಇಳಿಯುತ್ತಿತ್ತು. ಬಡ್ಡಿ ಖರ್ಚಿನ ಲೆಕ್ಕದಲ್ಲಿ ಸೇರುತ್ತದೆ, ಅದರ ಮೇಲೆ ತೆರಿಗೆ ಇಲ್ಲ. ಡಿವಿಡೆಂಡ್ ಕೊಡುವುದು ತೆರಿಗೆ ಕಟ್ಟಿ ಉಳಿದ ಹಣದಲ್ಲಿ. ಹಾಗಾಗಿ ಶೇ. 10ರ ಬಾಂಡ್ ಕಂಪನಿಗೆ ನಿಜವಾಗಿ ಬೀಳುವ ಖರ್ಚು ಶೇ. 7.5ರ ಹತ್ತಿರ. ಗೆಳೆಯ ಹೇಳುತ್ತಿರುವುದು ಇದನ್ನೇ.

ಆದರೆ ಆತ ಹೇಳದೆ ಬಿಟ್ಟದ್ದೂ ಇದೆ. ಹೊಸ ಘಟಕದಲ್ಲಿ ಶೇ. 15 ಹುಟ್ಟದೆ ಬರೀ ಶೇ. 7 ಹುಟ್ಟಿದರೆ? ಲಾಭ 114 ಕೋಟಿ, ಆರ್‌ಒಇ ಶೇ. 14.2. ಬಾಂಡ್ ತರದೆ ಸುಮ್ನೆ ಇದ್ದಿದ್ದರೆ ಇರುತ್ತಿದ್ದ 15.3ಕ್ಕಿಂತ ಕಡಿಮೆ ಆಯ್ತು ಅಲ್ವಾ? ಬಡ್ಡಿಗಿಂತ ಜಾಸ್ತಿ ದುಡಿದರೆ ಮಾತ್ರ ಸಾಲ ಶೇರುದಾರನಿಗೆ ಲಾಭ, ಕಡಿಮೆ ದುಡಿದರೆ ಆ ವ್ಯತ್ಯಾಸ ಹೋಗುವುದು ಶೇರುದಾರನ ಜೇಬಿನಿಂದಲೇ.

ಇನ್ನು ಕೆಟ್ಟ ವರ್ಷ. ವಾಹನ ಉದ್ಯಮಕ್ಕೆ ಕೆಟ್ಟ ವರ್ಷ ಬಂದೇ ಬರುತ್ತದೆ. 2019ರಲ್ಲಿ ಮಾರಾಟ ಬಿದ್ದು, ಮೇಲಿನಿಂದ 2020ರಲ್ಲಿ ಲಾಕ್‌ಡೌನ್ ಬಂದು ಚಾಕಣ್, ಪಿಂಪ್ರಿ, ಭೋಸರಿಯ ಕಾರ್ಖಾನೆಗಳಲ್ಲಿ ಶಿಫ್ಟ್ ಕಡಿತವಾದದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂಥ ವರ್ಷ ಲಾಭ ಶೇ. 40ರಷ್ಟು ಬೀಳಲಿ. ಬಾಂಡ್ ಇಲ್ಲದಿದ್ದರೆ 100 ಇದ್ದದ್ದು 60 ಆಗಿ, ಕೊನೆಗೆ ಉಳಿಯುವ ಲಾಭ 61ರಿಂದ 31 ಕೋಟಿಗೆ ಇಳಿಯುತ್ತದೆ, ಅರ್ಧದಷ್ಟು. ಬಾಂಡ್ ಇದ್ದರೆ 130 ಇದ್ದದ್ದು 78 ಆಗಿ, 69ರಿಂದ 30 ಕೋಟಿಗೆ ಬೀಳುತ್ತದೆ, ಅರ್ಧಕ್ಕಿಂತ ಜಾಸ್ತಿ. ಕವರೇಜ್ 2ಕ್ಕೆ ಬಂದು ನಿಲ್ಲುತ್ತದೆ. ಬಡ್ಡಿ ಕಟ್ಟಲು ತೊಂದರೆಯಿಲ್ಲ, ಆದರೆ ಕೈ ಬಿಗಿಯಾಗುತ್ತದೆ. ಒಳ್ಳೆಯ ವರ್ಷ ಇನ್ನೂ ಒಳ್ಳೆಯದಾಗಿ, ಕೆಟ್ಟ ವರ್ಷ ಇನ್ನೂ ಕೆಟ್ಟದಾಗಿ ಕಾಣುವಂತೆ ಮಾಡುವುದು ಸಾಲದ ಗುಣ. ನಿಮ್ಮ ಶೇರು ಶೇ. 6 ಬಿದ್ದದ್ದರಲ್ಲಿ ಈ ಏರಿಳಿತದ ಭಯಕ್ಕೂ ಪಾಲಿದೆ ಅಂತ ನನಗನ್ನಿಸುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ, ಯಾಕಂದರೆ ಕೆಲಸದ ಆರಂಭದಲ್ಲಿ ನಾನೇ ಇದರಲ್ಲಿ ಎಡವಿದ್ದೇನೆ. ಪುಣೆ ಜಿಲ್ಲೆಯ ಒಂದು ಕಾರ್ಖಾನೆಯ ಕಾಗದ ನೋಡುತ್ತಿದ್ದೆ. ಅಷ್ಟು ದೊಡ್ಡ ಸಾಲ ತಂದರೂ ಕವರೇಜ್ ಚೆನ್ನಾಗಿಯೇ ಇತ್ತು. ಖುಷಿಯಿಂದ ಟಿಪ್ಪಣಿ ಬರೆದೆ. ನನ್ನ ಹಿರಿಯರು ವರದಿಯ ಹಿಂದಿನ ಪುಟಗಳನ್ನು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಘಟಕ ಕಟ್ಟುತ್ತಿರುವಷ್ಟು ಕಾಲ ಆ ಸಾಲದ ಬಡ್ಡಿಯನ್ನು ಖರ್ಚಿಗೆ ಹಾಕದೆ ಕಟ್ಟಡ-ಯಂತ್ರದ ಬೆಲೆಗೇ ಸೇರಿಸಿದ್ದರು. ಇದು ಮೋಸವಲ್ಲ, ಲೆಕ್ಕದ ನಿಯಮವೇ ಹಾಗಿದೆ, ಈಗ ಅದು ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 23ರಲ್ಲಿದೆ. ಆದರೆ ಬಡ್ಡಿಯ ಹಣ ನಗದಾಗಿ ಹೋಗುತ್ತಲೇ ಇರುತ್ತದೆ, ಲಾಭ-ನಷ್ಟದ ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಘಟಕ ಶುರುವಾದ ದಿನ ಆ ಬಡ್ಡಿ ಪಟ್ಟಿಗೆ ಬರುತ್ತದೆ, ಜೊತೆಗೆ ಹೊಸ ಯಂತ್ರಗಳ ಸವಕಳಿಯೂ ಬರುತ್ತದೆ, ಆರ್ಡರ್ ಮಾತ್ರ ನಿಧಾನಕ್ಕೆ ಬರುತ್ತದೆ. ಆ ಕಾರ್ಖಾನೆಯ ಕವರೇಜ್ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಹಾಗಾಗಿ ನಿಮ್ಮ ಕಂಪನಿಯ ಮುಂದಿನ ವಾರ್ಷಿಕ ವರದಿ ಬಂದಾಗ ಹಣಕಾಸು ವೆಚ್ಚದ ಟಿಪ್ಪಣಿ ತೆಗೆದು, ಆಸ್ತಿಗೆ ಸೇರಿಸಿದ ಬಡ್ಡಿ ಎಷ್ಟು ಅಂತ ನೋಡಿ. ಅದನ್ನೂ ಕೂಡಿಸಿಕೊಂಡೇ ಕವರೇಜ್ ಲೆಕ್ಕ ಹಾಕಿ.

ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಬರೋಣ. ಘೋಷಣೆಯಲ್ಲಿ "ವಿಸ್ತರಣೆ, ಹಳೆಯ ಸಾಲ ತೀರಿಸುವುದು ಮತ್ತು ಸಾಮಾನ್ಯ ಕಾರ್ಪೊರೇಟ್ ಉದ್ದೇಶ" ಅಂತ ಬರೆದಿದ್ದಾರೆ ಅಂದಿರಿ. ಈ ಮೂರನೆಯ ಮಾತು ನನಗೆ ಇಷ್ಟವಾಗುವುದಿಲ್ಲ. ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಯಾವುದಕ್ಕೆ ಎಷ್ಟು ಕೋಟಿ ಅಂತ ಬಿಡಿಸಿ ಹೇಳಿದ ಕಂಪನಿಯ ಮೇಲೆ ನಂಬಿಕೆ ತಾನಾಗಿಯೇ ಹುಟ್ಟುತ್ತದೆ.

120 ಕೋಟಿ ಕ್ಯಾಶ್ ಕ್ರೆಡಿಟ್ ತೀರಿಸಿ, 80 ಕೋಟಿ ಮಾತ್ರ ಹೊಸ ಯಂತ್ರಕ್ಕೆ ಹಾಕಿದರು ಅಂತಿಟ್ಟುಕೊಳ್ಳಿ. ಒಟ್ಟು ಸಾಲ 280 ಕೋಟಿಗೆ ನಿಲ್ಲುತ್ತದೆ, ಡೆಟ್-ಈಕ್ವಿಟಿ 0.7. ಭಾವ ಹೇಳಿದ ಎರಡು ಪಟ್ಟು ಎಲ್ಲೂ ಇಲ್ಲ. ನಿಮ್ಮ ಕಂಪನಿಯ ಚಾಲ್ತಿ ಆಸ್ತಿ (ವರ್ಷದೊಳಗೆ ಹಣವಾಗುವಂಥದ್ದು) 300 ಕೋಟಿ, ಚಾಲ್ತಿ ಹೊಣೆ (ವರ್ಷದೊಳಗೆ ತೀರಿಸಬೇಕಾದದ್ದು) 250 ಕೋಟಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕರೆಂಟ್ ರೇಶಿಯೋ 1.2. ಕ್ಯಾಶ್ ಕ್ರೆಡಿಟ್ ಬ್ಯಾಂಕು ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಸಾಲ, ಅದಕ್ಕೇ ಅದು ಚಾಲ್ತಿ ಹೊಣೆಯಲ್ಲಿದೆ. ಅದು ಹೋದರೆ ಹೊಣೆ 130 ಕೋಟಿಗೆ ಇಳಿದು ಕರೆಂಟ್ ರೇಶಿಯೋ 2.3 ಆಗುತ್ತದೆ. ಶೇ. 9ರ ಸಾಲ ತೀರಿಸಿ ಶೇ. 10ರದ್ದು ತಂದದ್ದಕ್ಕೆ ವರ್ಷಕ್ಕೆ 1.2 ಕೋಟಿ ಜಾಸ್ತಿ ಬಡ್ಡಿ ಬೀಳುತ್ತದೆ. ಐದು ವರ್ಷ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ ಅನ್ನುವುದಕ್ಕೆ ಕೊಟ್ಟ ಬೆಲೆ ಅದು. ನನ್ನ ಪ್ರಕಾರ ದುಬಾರಿಯಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಮಾಟುಂಗಾದಲ್ಲಿ. ಮುಂಬೈಗೆ ಬಂದ ಹೊಸತರಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನ ಮಾಲೀಕರು ಠಾಣೆಯಲ್ಲಿ ಎರಡನೆಯ ಹೋಟೆಲ್ ತೆರೆದರು. ಜಾಗದ ಡಿಪಾಸಿಟ್, ಅಡುಗೆಮನೆ, ಮೇಜು-ಕುರ್ಚಿ ಎಲ್ಲಕ್ಕೂ ಆರಾರು ತಿಂಗಳಿಗೆ ತಿರುಗಿಸುವ ಕೈಸಾಲ ತಂದಿದ್ದರು. ಹೋಟೆಲ್ ಚೆನ್ನಾಗಿಯೇ ನಡೆಯಿತು, ಮೊದಲ ದಿನದಿಂದ ಜನ. ಆದರೆ ಇಡ್ಲಿ-ದೋಸೆಯ ಲಾಭದಲ್ಲಿ ಅಡುಗೆಮನೆಯ ಹಣ ವಾಪಸ್ ಬರಲು ನಾಲ್ಕು ವರ್ಷವಾದರೂ ಬೇಕು, ಸಾಲದವರು ಆರೇ ತಿಂಗಳಿಗೆ ಬಂದು ನಿಂತರು. ಒಬ್ಬರಿಂದ ತಂದು ಇನ್ನೊಬ್ಬರಿಗೆ ಕೊಟ್ಟು ಒಂದೂವರೆ ವರ್ಷ ಹೆಣಗಾಡಿ, ಕೊನೆಗೆ ನಡೆಯುತ್ತಿದ್ದ ಹೋಟೆಲನ್ನೇ ಬಿಟ್ಟುಕೊಟ್ಟರು. ವ್ಯಾಪಾರ ಸೋತಿರಲಿಲ್ಲ. ಗಡುವು ತಪ್ಪಿತ್ತು.

ದೊಡ್ಡ ಮಟ್ಟದಲ್ಲಿ 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಹಣ ಹೂಡುತ್ತಿದ್ದ ಸಮೂಹ ಐಎಲ್ ಆ್ಯಂಡ್ ಎಫ್‌ಎಸ್‌ಗೆ ಆದದ್ದರಲ್ಲೂ ಇದೇ ಮುಖ್ಯ ಕಾರಣಗಳಲ್ಲಿ ಒಂದು. ರಸ್ತೆ, ಸುರಂಗ, ವಿದ್ಯುತ್ತಿನಂಥ ಇಪ್ಪತ್ತು-ಮೂವತ್ತು ವರ್ಷಕ್ಕೆ ಹಣ ಬರುವ ಕೆಲಸಗಳಿಗೆ ಕಡಿಮೆ ಅವಧಿಯ ಸಾಲ ತಂದಿದ್ದರು. ಸಮೂಹದ ಸಾಲ ಸುಮಾರು 91,000 ಕೋಟಿ. ಹಳೆಯದನ್ನು ತೀರಿಸಲು ಹೊಸ ಸಾಲ ಸಿಗದೆ ಹೋದ ದಿನ ಎಲ್ಲವೂ ನಿಂತಿತು. ಅದಕ್ಕೆ ಕೆಲವೇ ವಾರಗಳ ಮುಂಚಿನ ತನಕ ಸಮೂಹಕ್ಕೆ ಅತಿ ಮೇಲಿನ ಟ್ರಿಪಲ್ ಎ ರೇಟಿಂಗ್ ಇತ್ತು, ಸೆಪ್ಟೆಂಬರಿನಲ್ಲಿ ಡಿಗೆ ಬಿತ್ತು, ಅಂದರೆ ಬಾಕಿ ಉಳಿಸಿಕೊಂಡವರ ದರ್ಜೆ.

ನಿಮ್ಮ ಬಾಂಡಿನ ಅಸಲು ಐದನೆಯ ವರ್ಷದ ಕೊನೆಗೆ ಒಂದೇ ಕಂತಿನಲ್ಲಿ ಕೊಡಬೇಕಾದದ್ದು ಅಂತ ಬರೆದಿದ್ದೀರಿ. ಇದು ನನಗೆ ಡೆಟ್-ಈಕ್ವಿಟಿಗಿಂತ ದೊಡ್ಡ ವಿಷಯ. ನಾಲ್ಕು ವರ್ಷ ದೀರ್ಘಾವಧಿ ಸಾಲದಲ್ಲಿ ಕೂತಿದ್ದ 200 ಕೋಟಿ, ಕೊನೆಯ ಹನ್ನೆರಡು ತಿಂಗಳು ಬಂದಾಗ ಚಾಲ್ತಿ ಹೊಣೆಗೆ ಜಿಗಿಯುತ್ತದೆ. ಇಡೀ ಹಣ ಯಂತ್ರಕ್ಕೆ ಹಾಕಿದ್ದರೆ, ಈಗಿನ ಅಂಕಿಯಲ್ಲೇ ಚಾಲ್ತಿ ಆಸ್ತಿ 300, ಹೊಣೆ 450, ಕರೆಂಟ್ ರೇಶಿಯೋ 0.67. ಆ ವರ್ಷ ಮಾರುಕಟ್ಟೆ ಚೆನ್ನಾಗಿದ್ದರೆ ಹೊಸ ಬಾಂಡ್ ತಂದು ಹಳೆಯದು ತೀರಿಸಬಹುದು. ಚೆನ್ನಾಗಿಲ್ಲದಿದ್ದರೆ ಬ್ಯಾಂಕಿನ ಮುಂದೆ ನಿಲ್ಲಬೇಕು. ಮೂರನೆಯ ವರ್ಷದಿಂದಲೇ ಕಂಪನಿ ಸ್ವಲ್ಪ ಸ್ವಲ್ಪ ಹಣ ಎತ್ತಿಡುತ್ತಿದೆಯಾ ಅಂತ ಗಮನಿಸಿ. ಲಿಸ್ಟ್ ಆದ ಕಂಪನಿಗಳು ಡಿಬೆಂಚರ್ (ಇಂಥ ಬಾಂಡಿನ ಕಾನೂನು ಹೆಸರು) ತೀರಿಸುವ ಮೀಸಲು ನಿಧಿ ಇಡಬೇಕು ಅನ್ನುವ ಕಡ್ಡಾಯವನ್ನು 2019ರಲ್ಲೇ ತೆಗೆದುಹಾಕಿದ್ದಾರೆ. ಹಾಗಾಗಿ ಇಡುವುದು ಬಿಡುವುದು ಹೆಚ್ಚಾಗಿ ಕಂಪನಿಯ ಶಿಸ್ತಿಗೆ ಬಿಟ್ಟದ್ದು.

ಹೂಡಿಕೆದಾರರ ವಿಶ್ವಾಸ ಅಂತ ಕೇಳಿದಿರಿ. ಅದು ಒಂದೇ ಥರದ್ದಲ್ಲ. ಬಾಂಡ್ ಕೊಂಡವನಿಗೆ ಕಂಪನಿ ಎಷ್ಟು ಬೆಳೆದರೂ ಸಿಗುವುದು ಶೇ. 10 ಮಾತ್ರ, ಮುಳುಗಿದರೆ ಅಸಲೇ ಹೋಗಬಹುದು. ಹಾಗಾಗಿ ಅವನು ನೋಡುವುದು ಕವರೇಜ್, ಅಡಮಾನ ಇಟ್ಟ ಆಸ್ತಿ, ಗಡುವು. ಶೇರುದಾರ ನೋಡುವುದು ಬಡ್ಡಿ ಕೊಟ್ಟು ಮಿಕ್ಕದ್ದು ಬೆಳೆಯುತ್ತದಾ ಅಂತ. ಕಂಪನಿ ಮುಳುಗಿದರೆ ಸಾಲ ಕೊಟ್ಟವರಿಗೆಲ್ಲ ಕೊಟ್ಟಮೇಲೆ, ಸಾಲಿನ ಕಟ್ಟಕಡೆಗೆ ನಿಲ್ಲುವವನು ಶೇರುದಾರ. ಹೊಸ ಬಾಂಡ್ ಬಂದಾಗ ಅವನ ಮುಂದೆ ಇನ್ನಷ್ಟು ಜನ ನಿಂತಂತೆ, ಅವನಿಗೆ ಕಸಿವಿಸಿಯಾಗುವುದು ಸಹಜ. ಆದರೂ ಸಾದಾ ಬಾಂಡಿನ ಸುದ್ದಿಗಿಂತ ಹೊಸ ಶೇರು ಬಿಡುವ ಸುದ್ದಿಗೇ ಬೆಲೆ ಜಾಸ್ತಿ ಬೀಳುವುದು ವಾಡಿಕೆ. ಬೆಲೆ ಮೇಲಿದೆ ಅನ್ನಿಸಿದಾಗಲೇ ಮಾಲೀಕರು ಶೇರು ಮಾರುತ್ತಾರೆ ಅನ್ನುವ ಅನುಮಾನ ಅದಕ್ಕೆ ಕಾರಣ. ಮುಂದೆ ಲಾಭ ಬರುತ್ತದೆ ಅಂತ ನಂಬಿದವರು ಪಾಲು ಹಂಚದೆ ಸಾಲ ತರುತ್ತಾರೆ. ನಿಮ್ಮ ಕಂಪನಿಯ ಪ್ರವರ್ತಕರು ತಮ್ಮ ಶೇರು ಒತ್ತೆ ಇಟ್ಟಿಲ್ಲದಿದ್ದರೆ ಈ ಮಾತಿಗೆ ಬೆಲೆಯಿದೆ. ಒತ್ತೆ ಇಟ್ಟಿದ್ದರೆ ನಾನು ಬೇರೆಯೇ ಕಣ್ಣಿನಲ್ಲಿ ನೋಡುತ್ತೇನೆ.

ರೇಟಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟ್ರಿಪಲ್ ಎ, ಡಬಲ್ ಎ, ಆಮೇಲೆ ಎ, ಆಮೇಲೆ ಬಿಬಿಬಿ. ಬಿಬಿಬಿ ಮೈನಸ್ ತನಕ ಹೂಡಿಕೆಗೆ ಯೋಗ್ಯ ಅನ್ನುತ್ತಾರೆ. ನಿಮ್ಮದು ನಡುವೆ ಇದೆ, ತೆಗೆದುಹಾಕುವಂಥದ್ದಲ್ಲ. ಆದರೆ ಐಎಲ್ ಆ್ಯಂಡ್ ಎಫ್‌ಎಸ್ ಉದಾಹರಣೆ ಕಣ್ಣ ಮುಂದಿದೆ, ಅಕ್ಷರ ನೋಡಿ ನಿಲ್ಲಿಸಬೇಡಿ, ರೇಟಿಂಗ್ ಏಜೆನ್ಸಿಯ ತಾಣದಲ್ಲಿ ಅದರ ಕಾರಣ ಬರೆದ ಪತ್ರ ಉಚಿತವಾಗಿ ಸಿಗುತ್ತದೆ, ಅದನ್ನು ಓದಿ. "ಯಾವ ಸಂದರ್ಭದಲ್ಲಿ ರೇಟಿಂಗ್ ಇಳಿಯಬಹುದು" ಅಂತ ಒಂದು ಭಾಗ ಇರುತ್ತದೆ, ಅಲ್ಲಿ ಅನುಪಾತಗಳ ಮಿತಿಯನ್ನೇ ಬರೆದಿರುವುದೂ ಉಂಟು. ಬಾಂಡಿನ ಷರತ್ತುಗಳನ್ನೂ ನೋಡಿ. ರೇಟಿಂಗ್ ಇಳಿದರೆ ಬಡ್ಡಿ ಏರಿಸಬೇಕು ಅನ್ನುವ ಷರತ್ತು ಇದ್ದರೆ ಸ್ವಲ್ಪ ಎಚ್ಚರ. ಇಳಿದರೆ ಹಣ ತಕ್ಷಣ ವಾಪಸ್ ಕೊಡಬೇಕು ಅಂತ ಇದ್ದರೆ ಬಹಳ ಎಚ್ಚರ, ಯಾಕಂದರೆ ಕಂಪನಿ ಸೊರಗಿದ ಹೊತ್ತಿಗೇ ಪೂರ್ತಿ ಭಾರ ಹೆಗಲ ಮೇಲೆ ಬೀಳುತ್ತದೆ.

ಏಜೆಂಟರ ವಿಷಯ. ಖಾಸಗಿಯಾಗಿ ಹಂಚುವ ಬಾಂಡಿನ ಮುಖಬೆಲೆ ಮುಂಚೆ 10 ಲಕ್ಷ ಇತ್ತು. 2023ರಿಂದ 1 ಲಕ್ಷಕ್ಕೆ ಇಳಿಸಿದರು, 2024ರಲ್ಲಿ ಕೆಲವು ಷರತ್ತು ಹಾಕಿ 10,000ಕ್ಕೂ ಬಿಡಬಹುದು ಅಂದರು. ಅದಕ್ಕೇ ಈಗ ನಮ್ಮ ನಿಮ್ಮಂಥವರ ಹತ್ತಿರವೂ ಬರುತ್ತಿದ್ದಾರೆ. ಬಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಸಂಬಳ ಬರುವುದು ಅಲ್ಲಿಂದ, ಉಳಿತಾಯದ ಅರ್ಧ ಇರುವುದು ಅಲ್ಲಿ. ಆ ಕಾರ್ಖಾನೆಗೆ ಕೆಟ್ಟ ವರ್ಷ ಬಂದರೆ ಓವರ್‌ಟೈಮ್, ಶೇರು, ಬಾಂಡ್ ಮೂರಕ್ಕೂ ಒಟ್ಟಿಗೇ ಪೆಟ್ಟು. ಇದರ ಬಾಂಡ್ ನಿಮಗೆ ಬೇಡ. ಇದನ್ನು ಖಚಿತವಾಗಿಯೇ ಹೇಳುತ್ತೇನೆ.

ಶೇರು? ಬಾಂಡ್ ಬಂತು ಅನ್ನುವ ಒಂದೇ ಕಾರಣಕ್ಕೆ ಎಲ್ಲವನ್ನೂ ಮಾರಬೇಕಿಲ್ಲ. ಆದರೆ ಬಾಂಡ್ ಬರದಿದ್ದರೂ ನಿಮಗೆ ಇದನ್ನೇ ಹೇಳುತ್ತಿದ್ದೆ, ಅರ್ಧ ಉಳಿತಾಯ ಒಂದೇ ಕಂಪನಿಯಲ್ಲಿ, ಅದೂ ಕೆಲಸ ಮಾಡುವ ಕಂಪನಿಯಲ್ಲಿ ಇರುವುದು ಜಾಸ್ತಿ ಆಯ್ತು. ನೌಕರರಿಗೆ ವಹಿವಾಟು ತೆರೆದಿರುವ ದಿನಗಳನ್ನು ಕಂಪನಿ ಸೆಕ್ರೆಟರಿ ಕಚೇರಿಯಲ್ಲಿ ಕೇಳಿಕೊಂಡು, ಒಂದೆರಡು ವರ್ಷದಲ್ಲಿ ನಿಧಾನವಾಗಿ ಕಾಲು ಭಾಗಕ್ಕೆ ಇಳಿಸಿ. ಭಾವನಿಗೂ ಸಮಾಧಾನ ಆಗುತ್ತದೆ.

ಉಳಿದದ್ದನ್ನು ಇಟ್ಟುಕೊಂಡು ನೋಡುತ್ತಿರಿ. ಬಾಂಡ್ ಲಿಸ್ಟ್ ಆದಮೇಲೆ ಪ್ರತಿ ಮೂರು ತಿಂಗಳ ಫಲಿತಾಂಶದ ಜೊತೆ ಡೆಟ್-ಈಕ್ವಿಟಿ, ಸಾಲ ತೀರಿಸುವ ಶಕ್ತಿಯ ಅನುಪಾತ, ಇಂಟರೆಸ್ಟ್ ಕವರೇಜ್, ಕರೆಂಟ್ ರೇಶಿಯೋ ಎಲ್ಲವನ್ನೂ ಕಂಪನಿಯೇ ಲೆಕ್ಕ ಹಾಕಿ ಪ್ರಕಟಿಸಬೇಕು, ಸೆಬಿಯ ನಿಯಮ ಅದು. ವಾರ್ಷಿಕ ವರದಿಯಲ್ಲಿ ಯಾವುದೇ ಅನುಪಾತ ಹಿಂದಿನ ವರ್ಷಕ್ಕಿಂತ ಶೇ. 25ಕ್ಕೂ ಜಾಸ್ತಿ ಬದಲಾದರೆ ಕಾರಣ ಬರೆಯಬೇಕು. ನಿಮ್ಮ ಕಂಪನಿಯ ಡೆಟ್-ಈಕ್ವಿಟಿ ಬದಲಾಗುವುದು ಹೆಚ್ಚುಕಡಿಮೆ ಖಚಿತ, ಹಾಗಾಗಿ ಮುಂದಿನ ವರದಿಯಲ್ಲಿ ಆ ಕಾರಣ ಇರಲೇಬೇಕು. "ಹೊಸ ಸಾಲದಿಂದಾಗಿ" ಅಂತ ಎರಡು ಪದ ಬರೆದು ಬಿಟ್ಟಿದ್ದಾರಾ, ಇಲ್ಲ ಇಷ್ಟು ಕೋಟಿ ಯಂತ್ರಕ್ಕೆ, ಇಷ್ಟು ಬ್ಯಾಂಕಿಗೆ, ಘಟಕ ಇಂಥ ತಿಂಗಳು ಶುರು ಅಂತ ಬಿಡಿಸಿ ಬರೆದಿದ್ದಾರಾ ನೋಡಿ. ಆ ಪುಟ ಬಂದಮೇಲೆ ಅದರ ಫೋಟೋ ಕಳಿಸಿ, ಮತ್ತೆ ಕೂತು ಲೆಕ್ಕ ಹಾಕೋಣ.